ಒಂದು ಸರ್ವರ್, ನಲವತ್ತು ಬಾಗಿಲು

ಶಿವಮೊಗ್ಗದಲ್ಲಿ ಕೂತು ಮಲೆನಾಡಿನ ಸಣ್ಣ ಗಿರಾಕಿಗಳ ವೆಬ್‌ಸೈಟು ನೋಡಿಕೊಳ್ಳುವುದು ನನ್ನ ಕೆಲಸ. ಅಡಿಕೆ ಮಂಡಿ, ಪಿಯು ಕಾಲೇಜು, ಮದುವೆ ಛತ್ರ, ನಾಲ್ಕಾರು ಹೋಂಸ್ಟೇ, ಒಂದು ಯಕ್ಷಗಾನ ಮೇಳ, ಒಂದು ಕನ್ನಡ ಮಾಸಪತ್ರಿಕೆ. ಹೀಗೆ 40 ಚಿಲ್ಲರೆ ಸೈಟುಗಳು ಒಂದೇ ಸರ್ವರಿನಲ್ಲಿವೆ, ಅಷ್ಟಕ್ಕೂ ಐಪಿ ವಿಳಾಸ ಒಂದೇ. ಬ್ರೌಸರು ಬಾಗಿಲು ತಟ್ಟುವಾಗ ತನಗೆ ಯಾರ ಮನೆ ಬೇಕೆಂದು ಹೆಸರು ಹೇಳುತ್ತದೆ. 1997ರಲ್ಲಿ ಬಂದ ಎಚ್‌ಟಿಟಿಪಿ 1.1 ಹಾಗೆ ಹೆಸರು ಹೇಳುವುದನ್ನು ಕಡ್ಡಾಯ ಮಾಡಿತು. ನಮ್ಮ ಇಡೀ ಕಸುಬು ನಿಂತಿರುವುದು ಆ ಒಂದು ಸಾಲಿನ ಮೇಲೆ.

ತಿಂಗಳಿಗೆ ಕೆಲವು ನೂರು ರೂಪಾಯಿ ಕೊಡುವವರಿಗೆ ಸ್ವಂತ ಸರ್ವರ್ ಕೊಡಿಸಲು ಆಗುವುದಿಲ್ಲ. ಹಳೆಯ ವಠಾರದ ಹಾಗೆ ಬಾವಿ ಒಂದೇ, ಅಂಗಳ ಒಂದೇ. ಆದರೆ ನಡುವಿನ ಗೋಡೆ ಗಟ್ಟಿ ಇರಬೇಕು. ನಾನು ತಪ್ಪು ಮಾಡಿ ಕಲಿತದ್ದೆಲ್ಲ ಹೆಚ್ಚುಕಡಿಮೆ ಈ ಗೋಡೆಗೇ ಸಂಬಂಧಪಟ್ಟದ್ದು. ಹೊಸದಾಗಿ ಈ ಕೆಲಸಕ್ಕೆ ಇಳಿದವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

1. ಯಾರದ್ದೂ ಅಲ್ಲದ ಬಾಗಿಲು ಮೊದಲು ಇರಲಿ

ಕಣ್ಣಿನ ವೈದ್ಯರೊಬ್ಬರ ಡೊಮೇನನ್ನು ನಮ್ಮ ಸರ್ವರಿಗೆ ತಿರುಗಿಸಿದ್ದೆ, ಸೈಟು ಇನ್ನೂ ಏರಿಸಿರಲಿಲ್ಲ. ಸಂಜೆ ಅವರೇ ಫೋನ್ ಮಾಡಿದರು. ‘ನನ್ನ ಹೆಸರು ಹೊಡೆದ್ರೆ ಯಾವುದೋ ಮದುವೆ ಛತ್ರ ಬರ್ತಾ ಇದೆಯಲ್ರೀ!’

ಅಪಾಚೆಗೆ ಗುರುತಿಲ್ಲದ ಹೆಸರು ಬಂದರೆ ಅದು ‘ಇಲ್ಲ’ ಎನ್ನುವುದಿಲ್ಲ. ಪಟ್ಟಿಯಲ್ಲಿ ಮೊದಲಿರುವ ಸೈಟನ್ನೇ ತೆರೆದು ತೋರಿಸುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಆ ಪಟ್ಟಿ ಕಡತಗಳ ಹೆಸರಿನ ಅಕಾರಾದಿ ಕ್ರಮದಲ್ಲಿರುತ್ತದೆ, ನಮ್ಮಲ್ಲಿ ಮೊದಲ ಸ್ಥಾನ ಛತ್ರದವರಿಗೆ ಸಿಕ್ಕಿತ್ತು. ಅಂದಿನಿಂದ ಮೂರು ಸೊನ್ನೆಯಿಂದ ಶುರುವಾಗುವ ಕಡತವೊಂದನ್ನು ಮಾಡಿಟ್ಟಿದ್ದೇನೆ. ಯಾರ ಹೆಸರೂ ಇಲ್ಲದ ಖಾಲಿ ಪುಟ ಅದು. 80ನೆಯ ಪೋರ್ಟಿಗೊಂದು, 443ಕ್ಕೊಂದು. ಎರಡನೆಯದನ್ನು ಮರೆಯುವವರೇ ಹೆಚ್ಚು. ಪ್ರಮಾಣಪತ್ರ ಇಲ್ಲದ ಗಿರಾಕಿಯ ವಿಳಾಸವನ್ನು ಎಚ್‌ಟಿಟಿಪಿಎಸ್‌ನಲ್ಲಿ ತೆರೆದರೆ ಮೊದಲು ಎಚ್ಚರಿಕೆ ಬರುತ್ತದೆ, ಅದನ್ನು ದಾಟಿದವರಿಗೆ ಪಕ್ಕದ ಮನೆ ಕಾಣುತ್ತದೆ. ಎಂಜಿನ್‌ಎಕ್ಸ್ ಬಳಸುವವರಿಗೆ ಇನ್ನೂ ಸುಲಭ, ಗುರುತಿಲ್ಲದ ಹೆಸರನ್ನು ಮಾತು ಶುರುವಾಗುವ ಮೊದಲೇ ತಿರಸ್ಕರಿಸುವ ಸೌಲಭ್ಯ ಅದರ 1.19.4ನೆಯ ಆವೃತ್ತಿಯಿಂದ ಇದೆ.

2. ಒಬ್ಬೊಬ್ಬರಿಗೂ ಬೇರೆ ಬೇರೆ ಯೂಸರ್

ಮೊದಲ ಎರಡು ವರ್ಷ ಎಲ್ಲರ ಪಿಎಚ್‌ಪಿಯೂ ಅಪಾಚೆಯ ಹೊಟ್ಟೆಯೊಳಗೇ, ಅಪಾಚೆಯ ಯೂಸರ್ ಹೆಸರಿನಲ್ಲೇ ಓಡುತ್ತಿತ್ತು. ಪುಸ್ತಕದಲ್ಲಿ ಹಾಗೇ ಇತ್ತು, ಸೈಟುಗಳೂ ತೆರೆಯುತ್ತಿದ್ದವು. ಅದರ ಅರ್ಥ ಏನೆಂದು ನನಗೆ ಹೊಳೆದಿರಲಿಲ್ಲ. ಅಪಾಚೆಗೆ ಓದಲು ಬರುವ ಪ್ರತಿಯೊಂದು ಕಡತವೂ ಪ್ರತಿಯೊಬ್ಬ ಗಿರಾಕಿಯ ಪಿಎಚ್‌ಪಿಗೂ ಓದಲು ಬರುತ್ತದೆ.

ಹೋಂಸ್ಟೇಯೊಂದರ ಥೀಮಿನಲ್ಲಿ ಫೋಟೋ ಚಿಕ್ಕದು ಮಾಡುವ ಹಳೆಯ ಸ್ಕ್ರಿಪ್ಟೊಂದು ಇತ್ತು. ಟಿಮ್‌ಥಂಬ್ ಎಂಬ ಇಂಥದೇ ಸ್ಕ್ರಿಪ್ಟಿನ ತೂತು 2011ರ ಆಗಸ್ಟಿನಲ್ಲಿ ಬಯಲಾಗಿ ಬಹಳಷ್ಟು ವರ್ಡ್‌ಪ್ರೆಸ್ ಸೈಟುಗಳು ಕೆಟ್ಟಿದ್ದವು. ಅದನ್ನು ಓದಿದ್ದರೂ ನಮ್ಮಲ್ಲಿ ಅಂಥದ್ದು ಎಲ್ಲಿದೆ ಎಂದು ನಾನು ಹುಡುಕಿ ನೋಡಿರಲಿಲ್ಲ. ಥೀಮಿನ ಒಳಗೆ ಅಡಗಿ ಕೂತ ಕಡತ ಅಪ್‌ಡೇಟ್ ಪಟ್ಟಿಯಲ್ಲಿ ಕಾಣಿಸುವುದೂ ಇಲ್ಲ. ಒಂದು ಭಾನುವಾರ ಯಾರೋ ಆ ಕಿಂಡಿಯಿಂದ ಒಳಗೆ ಬಂದರು. ಹೋಂಸ್ಟೇಗೆ ಮಾತ್ರ ಬಂದಿದ್ದರೆ ಅರ್ಧ ದಿನದ ಕೆಲಸ. ಆದರೆ ಪಕ್ಕದ ಫೋಲ್ಡರುಗಳ ಕಾನ್ಫಿಗ್ ಕಡತ ಓದಿ, ಅಲ್ಲಿದ್ದ ಡೇಟಾಬೇಸ್ ಪಾಸ್‌ವರ್ಡ್ ಹಿಡಿದು, ಆಗ ಇದ್ದ 23 ಸೈಟುಗಳಲ್ಲೂ ಒಂದೊಂದು ಸಾಲು ಸೇರಿಸಿ ಹೋಗಿದ್ದರು. ಆ ಸಾಲು ಮೊಬೈಲಿನಿಂದ ಬಂದವರನ್ನು ಮಾತ್ರ ಬೇರೆಡೆಗೆ ಅಟ್ಟುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತ ನನಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮೇಳದ ಭಾಗವತರೊಬ್ಬರು ಬಸ್ಸಿನಲ್ಲಿ ಕೂತು ಅಂದಿನ ಆಟದ ಪಟ್ಟಿ ನೋಡಲು ಹೋಗಿ, ಕಾಣಬಾರದ ಪುಟ ಕಂಡು ತಿಳಿಸಿದ ಮೇಲೆಯೇ ಗೊತ್ತಾದದ್ದು. ಶುಚಿ ಮಾಡಲು ನಾಲ್ಕು ರಾತ್ರಿ ಹಿಡಿಯಿತು. ಒಂದು ಕಡೆ ಅಳಿಸಿದ್ದು ಬೆಳಿಗ್ಗೆ ಇನ್ನೊಂದು ಕಡೆಯಿಂದ ಮತ್ತೆ ಹುಟ್ಟುತ್ತಿತ್ತು, ಗೋಡೆಯೇ ಇಲ್ಲದ ಮೇಲೆ ಹಾಗಾಗದೆ ಇನ್ನೇನು.

ಆಮೇಲೆ ಕಟ್ಟಿದ ಗೋಡೆ ಹೀಗಿದೆ. ಪ್ರತಿ ಸೈಟಿಗೂ ಅದರದ್ದೇ ಲಿನಕ್ಸ್ ಯೂಸರ್, ಆ ಯೂಸರ್ ಹೆಸರಿನಲ್ಲೇ ಓಡುವ ಪಿಎಚ್‌ಪಿ ಎಫ್‌ಪಿಎಂ ಪೂಲ್. ಎಫ್‌ಪಿಎಂ 2010ರಲ್ಲಿ ಪಿಎಚ್‌ಪಿ 5.3.3ರ ಜೊತೆಗೇ ಬಂದಿತ್ತು, ಬಳಸದೆ ಇದ್ದದ್ದು ನನ್ನ ತಪ್ಪು. ಮನೆಯ ಫೋಲ್ಡರಿನ ಅನುಮತಿ 750, ಗುಂಪು ವೆಬ್ ಸರ್ವರಿನದ್ದು. ಸೆಷನ್ ಕಡತಗಳಿಗೂ ತಾತ್ಕಾಲಿಕ ಕಡತಗಳಿಗೂ ಪ್ರತಿಯೊಬ್ಬರಿಗೆ ಬೇರೆ ಜಾಗ. ಡೇಟಾಬೇಸಿನಲ್ಲೂ ಅಷ್ಟೇ, ಒಂದು ಯೂಸರಿಗೆ ಒಂದೇ ಡೇಟಾಬೇಸಿನ ಹಕ್ಕು. ಅಪ್‌ಲೋಡ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡಲೇಬಾರದು.

ಓಪನ್ ಬೇಸ್‌ಡಿರ್ ಎಂಬ ಪಿಎಚ್‌ಪಿ ಸೆಟ್ಟಿಂಗ್ ಇದೆಯಲ್ಲ, ಅದು ಸಾಕೆಂದು ಹೇಳುವವರಿದ್ದಾರೆ. ನಾನೂ ಅದನ್ನು ಹಾಕುತ್ತೇನೆ, ಆದರೆ ಅದು ಪರದೆ. ಗೋಡೆ ಎಂದರೆ ಕರ್ನಲ್ಲೇ ತಡೆಯುವ ಯೂಸರ್ ಅನುಮತಿ. ಇಷ್ಟೆಲ್ಲ ಆದಮೇಲೂ ಒಂದು ಕಿಂಡಿ ಉಳಿಯುತ್ತದೆ. ಗಿರಾಕಿಯೊಬ್ಬ ತನ್ನ ಫೋಲ್ಡರಿನಲ್ಲಿ ಪಕ್ಕದವರ ಕಾನ್ಫಿಗ್ ಕಡತಕ್ಕೆ ಕೊಂಡಿ ಹಾಕಿ, ಅದಕ್ಕೆ ಪಠ್ಯ ಕಡತದ ಹೆಸರು ಕೊಟ್ಟರೆ, ಎಲ್ಲರ ಮನೆಗೂ ಪ್ರವೇಶವಿರುವ ಅಪಾಚೆ ಅದನ್ನು ಓದಿ ಹೇಳಿಬಿಡುತ್ತದೆ. ಕೊಂಡಿಯ ಮಾಲೀಕನೂ ಕಡತದ ಮಾಲೀಕನೂ ಒಬ್ಬನೇ ಆಗಿದ್ದರೆ ಮಾತ್ರ ತೋರಿಸು ಎಂಬ ಆಯ್ಕೆ ಅಪಾಚೆಯಲ್ಲಿದೆ. ಆದರೆ ಪರೀಕ್ಷೆಗೂ ಓದಿಗೂ ನಡುವಿನ ಕ್ಷಣದಲ್ಲಿ ಕೊಂಡಿ ಬದಲಿಸಿ ವಂಚಿಸಬಹುದು, ಅದನ್ನೇ ನಂಬಬೇಡಿ ಎಂದು ಅಪಾಚೆಯ ಕೈಪಿಡಿಯೇ ಹೇಳುತ್ತದೆ. ನಾನು ಕಾನ್ಫಿಗ್ ಕಡತಗಳಿಗೆ 600 ಕೊಡುತ್ತೇನೆ, ಅದನ್ನು ಓದಬೇಕಾದದ್ದು ಆ ಮನೆಯ ಪಿಎಚ್‌ಪಿ ಮಾತ್ರ.

3. ಅನ್ನ ಬಡಿಸುವ ಮೊದಲು ಎಲೆ ಎಣಿಸಿ

8 ಜಿಬಿ ಮೆಮರಿ ಎಂದುಕೊಳ್ಳೋಣ. ಮೈಎಸ್‌ಕ್ಯೂಎಲ್‌ಗೆ 2, ಉಳಿದ ವ್ಯವಸ್ಥೆಗೆ 1. ಮಿಕ್ಕ 5 ಜಿಬಿಯಲ್ಲಿ ಒಂದೊಂದು ಪಿಎಚ್‌ಪಿ ಪ್ರೊಸೆಸ್ 60 ಎಂಬಿ ತಿಂದರೆ ಒಟ್ಟು 85ಕ್ಕೆ ಜಾಗ. 40 ಸೈಟುಗಳಿಗೂ ತಲಾ 5 ಎಂದು ಕೊಟ್ಟರೆ ಆಗುವುದು 200. ಎಲ್ಲರೂ ಒಟ್ಟಿಗೆ ಊಟಕ್ಕೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ನಾವು 200 ಎಲೆ ಹಾಕುತ್ತೇವೆ. ಸಾಮಾನ್ಯ ದಿನಗಳಲ್ಲಿ ಆ ನಂಬಿಕೆ ಸುಳ್ಳಾಗುವುದಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು, ಪಿಯು ಕಾಲೇಜು ತನ್ನ ಆಯ್ಕೆ ಪಟ್ಟಿ ಹಾಕಿದ ಬೆಳಿಗ್ಗೆ ಅದು ಸುಳ್ಳಾಯಿತು. ಕಾಲೇಜಿಗೆ ನಾನು ಉದಾರವಾಗಿ 60 ಪ್ರೊಸೆಸ್ ಬಿಟ್ಟಿದ್ದೆ. ಪಟ್ಟಿಯ ಪಿಡಿಎಫ್ ಅನ್ನು ಅವರು ‘ಎಷ್ಟು ಜನ ಇಳಿಸಿಕೊಂಡರು’ ಎಂದು ಎಣಿಸುವ ಪ್ಲಗಿನ್ನಿನ ಮೂಲಕ ಹಾಕಿದ್ದರು. ಹಾಗಾಗಿ ಒಂದೊಂದು ಕ್ಲಿಕ್ಕಿಗೂ ಒಂದು ಪಿಎಚ್‌ಪಿ ಪ್ರೊಸೆಸ್ ಎದ್ದು, ಹಳ್ಳಿಯ ನಿಧಾನ ನೆಟ್‌ವರ್ಕಿನಲ್ಲಿ ಕಡತ ಇಳಿದು ಮುಗಿಯುವ ತನಕ ಮೆಮರಿ ಹಿಡಿದುಕೊಂಡೇ ಕೂರುತ್ತಿತ್ತು. ಮೆಮರಿ ಮುಗಿದಾಗ ಲಿನಕ್ಸ್ ಯಾರನ್ನಾದರೂ ಕೊಂದು ಜಾಗ ಬಿಡಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಅತಿ ಹೆಚ್ಚು ಮೆಮರಿ ಹಿಡಿದವರನ್ನು. ನಮ್ಮಂಥ ಸರ್ವರಿನಲ್ಲಿ ಅದು ಮೈಎಸ್‌ಕ್ಯೂಎಲ್. ಏನೂ ತಪ್ಪು ಮಾಡದ ಡೇಟಾಬೇಸ್ ಸತ್ತು ನಲವತ್ತೂ ಸೈಟುಗಳು ಒಟ್ಟಿಗೆ ಬಿದ್ದವು. ಅಂದು ಬೆಳಿಗ್ಗೆ ಧಾರಣೆ ನೋಡಲು ಬಂದ ಅಡಿಕೆ ಬೆಳೆಗಾರರಿಗೆ ರಾಶಿ, ಬೆಟ್ಟೆ ಯಾವುದರ ದರವೂ ಸಿಗಲಿಲ್ಲ.

ಮೂರು ಬದಲಾವಣೆ ಮಾಡಿದೆ. ಪಟ್ಟಿಯನ್ನು ಪ್ಲಗಿನ್ನಿನಿಂದ ತೆಗೆದು ಬರಿಯ ಕಡತವಾಗಿ ಇಟ್ಟೆ, ಬರಿಯ ಕಡತ ಬಡಿಸುವುದು ವೆಬ್ ಸರ್ವರಿಗೆ ಭಾರವೇ ಅಲ್ಲ. ಯಾರಿಗೂ 12ಕ್ಕಿಂತ ಹೆಚ್ಚು ಪ್ರೊಸೆಸ್ ಇಲ್ಲ, ಬೇಕಾದಾಗ ಹುಟ್ಟಿ ಬೇಡವಾದಾಗ ಸಾಯುವ ಬಗೆಯಲ್ಲೇ ಓಡಬೇಕು. ಕೊನೆಯದಾಗಿ, ಮೆಮರಿ ಮುಗಿದಾಗ ಮೈಎಸ್‌ಕ್ಯೂಎಲ್ ಕೊನೆಯ ಬಲಿಯಾಗಲಿ ಎಂದು ಕರ್ನಲ್‌ಗೆ ಹೇಳಿಟ್ಟಿದ್ದೇನೆ. ಈಗ ಜನ ನುಗ್ಗಿದರೆ ಕಾಲೇಜಿನ ಸೈಟು ನಿಧಾನವಾಗುತ್ತದೆ, ಮಂಡಿಯ ಸೈಟು ತನ್ನ ಪಾಡಿಗೆ ನಡೆಯುತ್ತದೆ. ಎರಡರಲ್ಲಿ ಒಂದೇ ಸಾಧ್ಯ ಎಂದಾದರೆ ಇದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ.

4. ಡಿಸ್ಕ್ ತುಂಬುವುದಕ್ಕೆ ಎರಡು ದಾರಿ

ಅರ್ಧ ಡಿಸ್ಕ್ ಖಾಲಿ ಇದ್ದರೂ ‘ಜಾಗ ಇಲ್ಲ’ ಎಂಬ ದೂರು ಬಂದರೆ ಗಾಬರಿ ಬೇಡ, ಡಿಎಫ್ ಆಜ್ಞೆಗೆ ಐ ಸೇರಿಸಿ ನೋಡಿ. ಎಕ್ಸ್ಟ್4 ಡಿಸ್ಕ್ ಸಿದ್ಧಪಡಿಸುವಾಗಲೇ ಸುಮಾರು 16 ಕೆಬಿಗೆ ಒಂದರಂತೆ ಐನೋಡ್ ಎಣಿಸಿ ಇಟ್ಟುಬಿಡುತ್ತದೆ. 40 ಜಿಬಿಗೆ 26 ಲಕ್ಷ, ಡಿಸ್ಕನ್ನೇ ಹಿಗ್ಗಿಸದೆ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಸಣ್ಣದಿರಲಿ ದೊಡ್ಡದಿರಲಿ ಕಡತಕ್ಕೆ ಒಂದು ಬೇಕು. ಕ್ಯಾಶ್ ಪ್ಲಗಿನ್ನಿನ ಚೂರುಗಳೋ ಅಳಿಸದೆ ಉಳಿದ ಸೆಷನ್ ಕಡತಗಳೋ ಒಬ್ಬರ ಮನೆಯಲ್ಲಿ ಲಕ್ಷಗಟ್ಟಲೆ ಸೇರಿದರೆ ಎಲ್ಲರ ಪಾಲೂ ಮುಗಿಯುತ್ತದೆ. ಪ್ರತಿ ಯೂಸರಿಗೂ ಜಿಬಿ ಲೆಕ್ಕದಲ್ಲೊಂದು, ಕಡತದ ಲೆಕ್ಕದಲ್ಲೊಂದು ಕೋಟಾ ಹಾಕಿ.

5. ಕನ್ನಡದ ಅಕ್ಷರ ಕೆಟ್ಟರೆ ಮೊದಲು ಕೈ ಕಟ್ಟಿ ಕೂರಿ

ನನ್ನ ಮನಸ್ಸಿಗೆ ಅತಿ ಹೆಚ್ಚು ನೋವು ಕೊಟ್ಟ ತಪ್ಪು ಇದು.

ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ ಏನೂ ಹೇಳದಿದ್ದರೆ ಟೇಬಲ್ಲು ಲ್ಯಾಟಿನ್ 1 ಎಂದೇ ತಯಾರಾಗುತ್ತಿತ್ತು. ಮಾಸಪತ್ರಿಕೆಯ ಸೈಟು ಆ ಕಾಲದ್ದು. ಟೇಬಲ್ಲೂ ಲ್ಯಾಟಿನ್, ಸಂಪರ್ಕವೂ ಲ್ಯಾಟಿನ್, ಒಳಗೆ ಹೋದ ಬೈಟುಗಳು ಮಾತ್ರ ಕನ್ನಡ. ಎರಡೂ ಕಡೆ ಒಂದೇ ಸುಳ್ಳು ಹೇಳಿದ್ದರಿಂದ ಹಾಕಿದ್ದು ಹಾಗೆಯೇ ಹೊರಗೆ ಬರುತ್ತಿತ್ತು. ಹತ್ತು ವರ್ಷದ ಕಥೆ, ಕವಿತೆ, ವಿಮರ್ಶೆ ಹೀಗೆಯೇ ಕ್ಷೇಮವಾಗಿದ್ದವು.

ಹೊಸ ಗಿರಾಕಿಯೊಬ್ಬರಿಗೆ ಸರಿಯಾದ ಯುಟಿಎಫ್ ಬೇಕಿತ್ತು. ಅವರ ಡೇಟಾಬೇಸಿಗಷ್ಟೇ ಅದನ್ನು ಹೇಳುವುದು ಬಿಟ್ಟು, ಸರ್ವರಿನ ಕಾನ್ಫಿಗ್‌ನಲ್ಲೇ ‘ಯಾರು ಏನೇ ಕೇಳಲಿ, ಎಲ್ಲರ ಸಂಪರ್ಕವೂ ಯುಟಿಎಫ್’ ಎಂದು ಬರೆದೆ. ಹೊಸಬರದ್ದು ಸರಿಹೋಯಿತು. ಪತ್ರಿಕೆಯ ಹಳೆಯ ಬರಹಗಳೆಲ್ಲ ತಲೆಯ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷ್ ಎ, ಪಕ್ಕದಲ್ಲೊಂದು ಪುಟ್ಟ 2 ಅಥವಾ ಪುಟ್ಟ 3, ಹೀಗೆ ಸಾಲುಗಟ್ಟಿ ನಿಂತವು. ಈ ರೂಪವನ್ನು ನೆನಪಿಟ್ಟುಕೊಳ್ಳಿ. ಕನ್ನಡದ ಎಲ್ಲ ಸಂಕೇತಗಳೂ ಅವೇ ಎರಡು ಬಗೆಯ ಜೋಡಿ ಬೈಟುಗಳಿಂದ ಶುರುವಾಗುವುದರಿಂದ ಹಾಗೆ ಕಾಣುತ್ತದೆ, ಹಾಗೆ ಕಂಡರೆ ಅಕ್ಷರ ಇನ್ನೂ ಬದುಕಿದೆ. ಲ್ಯಾಟಿನ್ 1 ಎಂದೇ ಹೊರತೆಗೆದು ಯುಟಿಎಫ್ ಎಂದು ಒಳಹಾಕಿದರೆ ಪೂರ್ತಿ ವಾಪಸ್ ಬರುತ್ತದೆ.

ಆದರೆ ಅದು ಗೊತ್ತಾಗುವ ಮೊದಲಿನ ಎರಡು ದಿನದಲ್ಲಿ ಸಂಪಾದಕರು 3 ಹೊಸ ಬರಹ ಏರಿಸಿದ್ದರು. ಲ್ಯಾಟಿನ್ ಟೇಬಲ್ಲಿನಲ್ಲಿ ಕನ್ನಡಕ್ಕೆ ಜಾಗವಿಲ್ಲದೆ ಪ್ರತಿ ಸಂಕೇತವೂ ಪ್ರಶ್ನೆ ಚಿಹ್ನೆಯಾಗಿ ಕೂತಿತ್ತು. ಪ್ರಶ್ನೆ ಚಿಹ್ನೆಯಾದ ಮೇಲೆ ಒಳಗೆ ಏನೂ ಉಳಿದಿರುವುದಿಲ್ಲ. ಬ್ಯಾಕಪ್ಪಿನಲ್ಲೂ ಪ್ರಶ್ನೆ ಚಿಹ್ನೆಯೇ. ಎರಡು ಬರಹಗಳ ಪ್ರತಿ ಅವರ ಬಳಿ ಇತ್ತು. ಮೂರನೆಯದು, ಹಿರಿಯ ಓದುಗರೊಬ್ಬರ ಕೈಬರಹದ ಪತ್ರ ನೋಡಿ ಸಂಪಾದಕರು ನೇರವಾಗಿ ಸೈಟಿನಲ್ಲೇ ಟೈಪ್ ಮಾಡಿದ್ದು. ಪತ್ರ ಹುಡುಕಿ ಮತ್ತೆ ಟೈಪ್ ಮಾಡಿದರು. ಒಂದು ಮಾತೂ ಆಡಲಿಲ್ಲ, ಅದು ನನಗೆ ಹೆಚ್ಚು ತಾಗಿತು. ಈಗ ಅಕ್ಷರ ಕೆಟ್ಟಿದೆ ಎಂಬ ಸುದ್ದಿ ಬಂದರೆ ಮೊದಲು ಆ ಸೈಟಿಗೆ ಬರೆಯುವುದನ್ನು ನಿಲ್ಲಿಸುತ್ತೇನೆ, ಓದಿ ಅರ್ಥ ಮಾಡಿಕೊಳ್ಳುವುದು ಆಮೇಲೆ. ಒಬ್ಬರಿಗಾಗಿ ಸರ್ವರಿನ ಒಟ್ಟು ಸೆಟ್ಟಿಂಗ್ ಮುಟ್ಟುವುದಂತೂ ಇಲ್ಲವೇ ಇಲ್ಲ.

ಕನ್ನಡದ ಸೈಟು ಇಟ್ಟುಕೊಂಡವರು ತಿಳಿದಿರಬೇಕಾದ ಇನ್ನೆರಡು ಸಂಗತಿ. ವಿಳಾಸದಲ್ಲಿ ಕನ್ನಡದ ಒಂದು ಸಂಕೇತ ಶೇಕಡಾ ಚಿಹ್ನೆಗಳೊಂದಿಗೆ 9 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ಅದಕ್ಕೆ ಇಟ್ಟಿರುವ ಜಾಗ 200, ಹಾಗಾಗಿ ಉದ್ದ ಶೀರ್ಷಿಕೆಯ ವಿಳಾಸ 22 ಸಂಕೇತಕ್ಕೇ ತುಂಡಾಗುತ್ತದೆ. ಗುಣಿತ, ಒತ್ತು ಎಲ್ಲವೂ ಆ 22ರೊಳಗೇ. ಸೈಟು ಸಾಗಿಸುವಾಗ ಕೊಂಡಿಗಳು ಮುರಿದಂತೆ ಕಂಡರೆ ಇದೂ ಕಾರಣವಿರಬಹುದು. ಇನ್ನು ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಡೊಮೇನ್ ತೆಗೆದುಕೊಂಡವರ ಹೆಸರನ್ನು ಕಾನ್ಫಿಗ್‌ನಲ್ಲಿ ಕನ್ನಡದಲ್ಲಿ ಬರೆದರೆ ನಡೆಯುವುದಿಲ್ಲ. ಬ್ರೌಸರು ಕಳಿಸುವುದು ಎಕ್ಸ್‌ಎನ್ ಎಂದು ಶುರುವಾಗುವ ಪ್ಯೂನಿಕೋಡ್ ರೂಪವನ್ನು, ಅದನ್ನೇ ಬರೆಯಬೇಕು.

6. ಮೇಲ್ ಬೇರೆ ಕಡೆ ಇರಲಿ

ಛತ್ರದವರ ವಿಚಾರಣೆ ಫಾರಮ್ಮಿನ ಮೂಲಕ ಯಾರೋ ರಾತ್ರಿಯೆಲ್ಲ ಸ್ಪ್ಯಾಮ್ ಕಳಿಸಿದರು. ಬೆಳಗಾಗುವಾಗ ನಮ್ಮ ಐಪಿ ಕಪ್ಪುಪಟ್ಟಿಗೆ ಸೇರಿತ್ತು. ಅದೇ ಐಪಿಯಿಂದ ಹೋಗುವ ಹೋಂಸ್ಟೇಗಳ ಬುಕಿಂಗ್ ಮೇಲ್‌ಗಳು ಒಂದು ವಾರ ಅತಿಥಿಗಳ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದವು. ಗೋಡೆ ಎಷ್ಟೇ ಗಟ್ಟಿ ಇದ್ದರೂ ಐಪಿ ಒಂದೇ ಆಗಿರುವ ತನಕ ಮಾನವೂ ಒಂದೇ. ಯಾವ ಸ್ಕ್ರಿಪ್ಟಿನಿಂದ ಮೇಲ್ ಹೊರಟಿತೆಂದು ತಲೆಬರಹದಲ್ಲಿ ಬರೆಯುವ ಸೆಟ್ಟಿಂಗ್ ಪಿಎಚ್‌ಪಿಯಲ್ಲಿದೆ, ಅದನ್ನು ಹಾಕಿಟ್ಟದ್ದರಿಂದ ಕಳ್ಳ ಸಿಕ್ಕ. ಈಗ ವೆಬ್ ಸರ್ವರಿನಿಂದ 25ನೆಯ ಪೋರ್ಟ್ ಮೂಲಕ ಯಾರೂ ನೇರ ಮೇಲ್ ಕಳಿಸುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಸ್‌ವರ್ಡಿನಿಂದ ಹೊರಗಿನ ಮೇಲ್ ಸೇವೆಯ ಮೂಲಕವೇ ಕಳಿಸಬೇಕು, ಎಸ್‌ಪಿಎಫ್, ಡಿಕೆಐಎಂ ಅವರವರ ಡೊಮೇನಿನಲ್ಲಿ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾದ ಮೇಲೆ ಗಿರಾಕಿಗಳಿಗೆ ಒಪ್ಪಿಸುವುದೂ ಸುಲಭವಾಗಿದೆ.

7. ಪ್ರಮಾಣಪತ್ರಗಳನ್ನು ಗಂಟು ಹಾಕಬೇಡಿ

ಲೆಟ್ಸ್ ಎನ್‌ಕ್ರಿಪ್ಟ್ 2015ರ ಕೊನೆಯಲ್ಲಿ ಎಲ್ಲರಿಗೂ ತೆರೆದುಕೊಂಡಾಗ, ಒಂದೇ ಪತ್ರದಲ್ಲಿ 100 ಹೆಸರು ಸೇರಿಸಬಹುದೆಂದು ಓದಿ ಎಲ್ಲರನ್ನೂ ಒಂದರಲ್ಲೇ ಹಾಕಿದೆ. ಒಬ್ಬ ಗಿರಾಕಿ ಹೇಳದೆ ಡೊಮೇನನ್ನು ಬೇರೆ ಕಡೆ ತಿರುಗಿಸಿದರು. ಅವರ ಒಂದು ಹೆಸರಿನ ಪರಿಶೀಲನೆ ಸೋತದ್ದಕ್ಕೆ ಇಡೀ ಪತ್ರದ ನವೀಕರಣ ನಿಂತಿತು. ಗಿರಾಕಿಗೊಂದು ಪತ್ರ ಇರಲಿ, ನವೀಕರಣ ತಾನಾಗಿ ನಡೆಯಲಿ. ಪತ್ರಗಳ ಗರಿಷ್ಠ ಆಯಸ್ಸು 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯಲಿದೆ, ಕೈಯಲ್ಲಿ ಮಾಡುತ್ತೇನೆಂದರೆ ಆಗದ ಮಾತು.

8. ಬ್ಯಾಕಪ್ ಒಬ್ಬರಿಗಾಗಿ ತೆರೆಯುವಂತಿರಬೇಕು

ಇಡೀ ಸರ್ವರಿನ ಚಿತ್ರ ತೆಗೆದಿಟ್ಟರೆ ಬೆಂಕಿ ಬಿದ್ದಾಗ ಉಪಯೋಗ. ಆದರೆ ಬರುವ ಫೋನ್ ಹೆಚ್ಚಾಗಿ ಹೀಗಿರುತ್ತದೆ: ‘ಮೊನ್ನೆ ಮಂಗಳವಾರ ನಮ್ಮ ಹುಡುಗ ಸೇವೆಗಳ ಪಟ್ಟಿ ಅಳಿಸಿಬಿಟ್ಟಿದ್ದಾನೆ, ಅದೊಂದು ವಾಪಸ್ ಬೇಕಲ್ಲ ಸಾರ್.’ ಒಬ್ಬರ ಮಂಗಳವಾರಕ್ಕಾಗಿ 39 ಮಂದಿಯ ಗುರುವಾರವನ್ನು ಅಳಿಸಲಾಗದು. ಆದ್ದರಿಂದ ಡೇಟಾಬೇಸು, ಕಡತ ಎರಡೂ ಗಿರಾಕಿವಾರು, ದಿನವಾರು. ಬ್ಯಾಕಪ್ ಯಂತ್ರ ಬಂದು ಎಳೆದುಕೊಂಡು ಹೋಗಬೇಕು, ಅದರ ಕೀಲಿ ಸರ್ವರಿನಲ್ಲಿ ಇರಬಾರದು. ಇದ್ದರೆ ಸರ್ವರಿಗೆ ನುಗ್ಗಿದವರು ಬ್ಯಾಕಪ್ಪನ್ನೂ ಅಳಿಸಿ ಹೋಗುತ್ತಾರೆ. ತಿಂಗಳ ಮೊದಲ ಶನಿವಾರ ಚೀಟಿ ಎತ್ತಿ ಒಬ್ಬರ ಸೈಟನ್ನು ಬೇರೆ ಯಂತ್ರದಲ್ಲಿ ನಿಲ್ಲಿಸಿ ನೋಡುತ್ತೇನೆ. ಮೈಐಸ್ಯಾಮ್ ಬಗೆಯ ಹಳೆಯ ಟೇಬಲ್ಲುಗಳಿಗೆ ಒಂದೇ ಕ್ಷಣದ ನಕಲು ಸಿಗುವುದಿಲ್ಲ, ಇನ್ನೋಡಿಬಿಗೆ ಬದಲಿಸಿಕೊಳ್ಳಬೇಕು ಎಂದು ತಿಳಿದದ್ದು ಅಂಥ ಒಂದು ಶನಿವಾರವೇ.

ಲಾಗ್‌ಗಳನ್ನೂ ಹೀಗೇ ಬೇರೆ ಬೇರೆ ಇಡಿ. ಭಾರತದಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್ ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್ 180 ದಿನ ಉಳಿಯಬೇಕು, ಅವಘಡವಾದರೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಎಲ್ಲರ ಲಾಗ್ ಒಂದರಲ್ಲೇ ಕಲಸಿಹೋಗಿದ್ದರೆ ಒಬ್ಬರ ವಿಚಾರಣೆಗೆ ಎಲ್ಲರ ಓಡಾಟವನ್ನೂ ಕೊಡಬೇಕಾಗುತ್ತದೆ.

9. ನಿಲ್ಲಿಸಿದ ಮೇಲೆ ಅಲ್ಲ, ನಿಲ್ಲಿಸುವಾಗಲೇ ಫೋನ್ ಮಾಡಿ

ಸೈಟೊಂದು ಹ್ಯಾಕ್ ಆದರೆ ಮೊದಲು ಅದನ್ನು ನಿಲ್ಲಿಸುತ್ತೇನೆ. ಇದನ್ನು ಒಪ್ಪಂದದ ಮೊದಲ ಪುಟದಲ್ಲೇ ಬರೆದಿದ್ದೇನೆ, ಆದರೆ ಒಪ್ಪಂದ ಯಾರೂ ಓದುವುದಿಲ್ಲ. ಮಂಡಿಯ ಯಜಮಾನರ ಸೈಟನ್ನು ಒಮ್ಮೆ ನಿಲ್ಲಿಸಬೇಕಾಯಿತು. ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದೆ.

‘ಏನಪ್ಪಾ, ಇಷ್ಟು ಬೇಗ?’

‘ಯಜಮಾನ್ರೇ, ನಿಮ್ಮ ಸೈಟಿಗೆ ಯಾರೋ ನುಗ್ಗಿದಾರೆ. ನಾನೇ ನಿಲ್ಲಿಸಿದೀನಿ. ಧಾರಣೆ ಮಾತ್ರ ಒಂದು ಪುಟದಲ್ಲಿ ಹಾಕಿರ್ತೀನಿ, ಇವತ್ತಿನ ದರ ನನಗೆ ವಾಟ್ಸಾಪ್ ಮಾಡಿ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ದರ ಕಾಣ್ತದಲ್ಲ, ಸಾಕು. ಉಳಿದಿದ್ದು ನಿಧಾನಕ್ಕೆ ಮಾಡು.’

ಗಿರಾಕಿಗೆ ಸೈಟಿನ ಯಾವ ಒಂದು ಪುಟ ಪ್ರಾಣ ಎಂಬುದನ್ನು ನಾನು ಈಗ ಮೊದಲ ದಿನವೇ ಕೇಳಿ ಬರೆದಿಡುತ್ತೇನೆ. ಮಂಡಿಗೆ ಧಾರಣೆ, ಮೇಳಕ್ಕೆ ಆಟದ ಪಟ್ಟಿ, ಛತ್ರಕ್ಕೆ ಖಾಲಿ ಮುಹೂರ್ತಗಳು. ಏನೇ ಕೆಟ್ಟರೂ ಅದೊಂದನ್ನು ಬರಿಯ ಪುಟವಾಗಿ ಹತ್ತು ನಿಮಿಷದಲ್ಲಿ ನಿಲ್ಲಿಸಲು ಬರುವಂತೆ ತಯಾರಿ ಇದೆ.

10. ಹೋಗುವವರಿಗೆ ಬಾಗಿಲು ತೆರೆದುಕೊಡಿ

ದೇವಸ್ಥಾನವೊಂದರ ಡೊಮೇನ್ ಹಿಂದಿನ ಕಾರ್ಯದರ್ಶಿಯ ಮಗನ ಇಮೇಲಿನಲ್ಲಿ ನೋಂದಣಿಯಾಗಿತ್ತು. ಆತ ಪರದೇಶದಲ್ಲಿ, ಆ ಇಮೇಲ್ ಸತ್ತು ವರ್ಷಗಳಾಗಿದ್ದವು. ಅವಧಿ ಮುಗಿದು ಡೊಮೇನ್ ಬೇರೆಯವರ ಪಾಲಾಯಿತು. ಹಾಗಾಗಿ ಡೊಮೇನ್ ಗಿರಾಕಿಯ ಹೆಸರಿನಲ್ಲಿ, ಗಿರಾಕಿಯ ಇಮೇಲಿನಲ್ಲೇ ಇರಬೇಕೆಂದು ಹಟ ಹಿಡಿಯುತ್ತೇನೆ. ನನ್ನ ಹೆಸರಿನಲ್ಲಿ ಇಟ್ಟುಕೊಂಡರೆ ಗಿರಾಕಿ ಬಿಟ್ಟು ಹೋಗುವುದಿಲ್ಲ ಎಂದು ಈ ಕಸುಬಿನ ಕೆಲವರು ಸಲಹೆ ಕೊಟ್ಟಿದ್ದಾರೆ. ಬೇರೆಯವರ ಮನೆಯ ಹೆಸರುಫಲಕವನ್ನು ಒತ್ತೆ ಇಟ್ಟುಕೊಂಡ ಹಾಗೆ ಅದು.

ಹೊರಡುವವರಿಗೆ ಡೇಟಾಬೇಸು, ಕಡತ, ಮೇಲ್, ಡಿಎನ್‌ಎಸ್ ದಾಖಲೆಗಳ ಪಟ್ಟಿ ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ. ಎರಡು ದಿನ ಮೊದಲೇ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿಡುತ್ತೇನೆ, ಹೊಸ ಮನೆಗೆ ಅವರು ಸೇರುವಾಗ ಓದುಗರು ಹಳೆಯ ಬಾಗಿಲಲ್ಲಿ ಕಾಯುವುದು ಬೇಡ. ಫೋಲ್ಡರು ನಮ್ಮಲ್ಲಿ ಇನ್ನೂ 60 ದಿನ ಇರುತ್ತದೆ. 61ನೆಯ ದಿನ ಫೋನ್ ಮಾಡಿ, ‘ಅಳಿಸಲೇ?’ ಎಂದು ಕೇಳಿ, ಹೂಂ ಎಂದ ಮೇಲೆ ಅಳಿಸುತ್ತೇನೆ.